ಸೌದೆ ಮತ್ತು ತೊಲೆ

ಮನೆಯಲ್ಲಿ ಒಲೆಯುರಿಸಲು ಸೌದೆ ಬೇಕು; ಛಾವಣಿಯನ್ನು ಹೊರಲು ತೊಲೆ ಬೇಕು. ನಮ್ಮ ದೇಹಕ್ಕೆ ಇವೆರಡನ್ನೂ ಒದಗಿಸುವುದು ಆಹಾರವೇ.

ರಾಗಿಮುದ್ದೆ, ಹುರುಳಿ ಸಾರಿನ ಊಟವನ್ನು ಪರಿಶೀಲಿಸೋಣ. ಮುದ್ದೆಯ ಪಿಷ್ಟವು ಜೀರ್ಣವಾಗಿ ಗ್ಲೂಕೋಸ್ ಆಗುತ್ತದೆ. ಜೀವಕೋಶಗಳಲ್ಲಿ ಅದು ನಾವು ಉಸಿರಾಡಿದ ಆಮ್ಲಜನಕದ ನೆರವಿನಿಂದ, ಜ್ವಾಲೆಯಿಲ್ಲದೆ ಮೆಲ್ಲಮೆಲ್ಲನೆ ದಹಿಸುತ್ತದೆ. ಹೀಗೆ 1 ಗ್ರಾಂ ಪಿಷ್ಟದಿಂದ ಸುಮಾರು 4 ಕಿಲೊಕ್ಯಾಲೊರಿ, ಅಷ್ಟೇ ತೂಕದ ಕೊಬ್ಬಿನಿಂದ ಸುಮಾರು 9 ಕಿಲೊಕ್ಯಾಲೊರಿ ಶಕ್ತಿ ಲಭಿಸುತ್ತದೆ.

ದೇಹದ ತೊಲೆಗಳೆಂದರೆ ಸಸಾರಜನಕಗಳು. ಅವುಗಳನ್ನು ಕಟ್ಟುವ 20 ಬಗೆಯ ಅಮೈನೋ ಆಮ್ಲಗಳಲ್ಲಿ 9 ಆಹಾರದಿಂದಲೇ ಬರಬೇಕು. ಅವನ್ನು ದೇಹವು ತಯಾರಿಸಲಾರದು. ರಾಗಿಯಲ್ಲಿ ಕಡಮೆಯಿರುವ ಲೈಸೀನನ್ನು ಹುರುಳಿಯೂ, ಹುರುಳಿಯಲ್ಲಿ ಕಡಮೆಯಿರುವ ಮೆಥಿಯೋನೀನನ್ನು ರಾಗಿಯೂ ತುಂಬಿಕೊಡುತ್ತವೆ. ಕೆಂಪು ರಕ್ತಕಣದ ಆಯುಷ್ಯವೇ ಸುಮಾರು 120 ದಿನ. ಆದುದರಿಂದ ಬೆಳವಣಿಗೆ ನಿಂತ ಮೇಲೂ ದುರಸ್ತಿ ನಿಲ್ಲದು.

ಸೌದೆ ಸಾಲದಾದರೆ? ದೇಹವು ಕೂಡಿಟ್ಟ ಕೊಬ್ಬನ್ನು ಉರಿಸುವುದರ ಜೊತೆಗೆ ಸ್ನಾಯುಗಳ ಸಸಾರಜನಕವನ್ನೂ ಒಲೆಗಿಡುತ್ತದೆ. ಅರೆಹೊಟ್ಟೆಯಲ್ಲಿರುವ ಮಗು ತಿಂದ ಕಾಳಿನ ಸಸಾರಜನಕವೂ ಬೆಳವಣಿಗೆಗೆ ಪೂರ್ತಿ ಒದಗದೆ ಉರಿದುಹೋಗುವುದು ಇದರಿಂದಲೇ. ಮಗುವಿಗೆ ಕಾಳು ಬಡಿಸಿದರಷ್ಟೇ ಸಾಲದು, ಮುದ್ದೆಯೂ ಹೊಟ್ಟೆತುಂಬ ಇರಬೇಕು. ಸೌದೆಯಿದ್ದರೆ ತಾನೆ ತೊಲೆ ಉಳಿಯುವುದು!