ಅಡಿಕೆ ಕೊಳೆಗೂ ಒಂದು ಆಧಾರ್: ರೋಗಾಣುಗಳ ಜೀನೋಮ್ ಸಂಗ್ರಹ ನಮಗೇಕೆ ಬೇಕು?

ಸಂತೆಗುಳಿ ಕಡೆ ಜುಲೈ ತಿಂಗಳಲ್ಲಿ ತೋಟಕ್ಕೆ ಹೋದರೆ ಕಣ್ಣು ಮೊದಲು ಹೋಗುವುದು ಕೊನೆಗಲ್ಲ, ಮರದ ಬುಡಕ್ಕೆ. ನಾಲ್ಕು ಕಾಯಿ ಬಿದ್ದಿದ್ದರೆ ಎದೆ ಧಸಕ್ ಅನ್ನುತ್ತೆ. ಎತ್ತಿ ನೋಡಿದರೆ ತೊಟ್ಟಿನ ಹತ್ತಿರ ನೀರು ಕುಡಿದಂಥ ಕಡು ಹಸಿರು ಕಲೆ, ಆಮೇಲೆ ಬಿಳಿ ಬೂಷ್ಟು. 'ಕೊಳೆ ಬಂತು' ಅಂತ ಕೊನೆಗೌಡನಿಗೆ ಫೋನ್ ಮಾಡ್ತೇವೆ.

ಆದರೆ 'ಕೊಳೆ' ಅನ್ನೋದು ಲಕ್ಷಣದ ಹೆಸರು, ರೋಗಾಣುವಿನ ಹೆಸರಲ್ಲ. ಕಾಫಿಗೂ ಕೊಳೆರೋಗ ಇದೆ. 1876ರಲ್ಲಿ ಅದರ ಶಿಲೀಂಧ್ರಕ್ಕೆ ವೈಜ್ಞಾನಿಕ ಹೆಸರಿಡುವಾಗ ನಮ್ಮ 'ಕೊಳೆರೋಗ' ಪದವನ್ನೇ ಸೇರಿಸಿಕೊಂಡರು! ಅದಕ್ಕೂ ಅಡಿಕೆ ಕೊಳೆಗೂ ನಂಟಿಲ್ಲ. ಅಡಿಕೆಯದ್ದು ಫೈಟಾಫ್ಥೊರಾ. ನೋಡಲು ಬೂಷ್ಟಿನ ಹಾಗಿದ್ದರೂ ಅದು ನಿಜವಾದ ಶಿಲೀಂಧ್ರವೇ ಅಲ್ಲ. ವಂಶದಲ್ಲಿ ಅಣಬೆಗಿಂತ ಸಮುದ್ರದ ಕಂದು ಪಾಚಿಗೆ ಹತ್ತಿರ. ಅದಕ್ಕೇ ಅಂಗಡಿಯವರು ಕೊಟ್ಟ ಕಾರ್ಬೆಂಡಜಿಮ್ ಹೊಡೆದರೆ ಕೊಳೆಗೆ ಏನೂ ಆಗುವುದಿಲ್ಲ, ದುಡ್ಡು ಮಾತ್ರ ಹೋಗುತ್ತೆ. ಗುರುತು ತಪ್ಪಿದರೆ ಮದ್ದೂ ತಪ್ಪಿತು.

ಮೈಸೂರು ಸಂಸ್ಥಾನದಲ್ಲಿದ್ದ ಲೆಸ್ಲಿ ಕೋಲ್ಮನ್ 1910ರಲ್ಲೇ ಅಡಿಕೆ ಕೊಳೆಯ ಬಗ್ಗೆ ಬರೆದವರು. ಅವರಿಗಿದ್ದದ್ದು ಸೂಕ್ಷ್ಮದರ್ಶಕ. ಬೀಜಕದ ಚೀಲದ ಆಕಾರ ನೋಡಿ ಹೆಸರಿಡಬೇಕಿತ್ತು. ಆ ಆಕಾರವೋ, ತೇವ ಮತ್ತು ಆಹಾರ ಬದಲಾದ ಹಾಗೆ ಬದಲಾಗುತ್ತೆ. ಹೀಗಾಗಿ ಈ ರೋಗಾಣುವಿನ ಹೆಸರು ಹಲವು ಸಲ ಬದಲಾಯಿತು. ಈಗ ಮುಖ್ಯವಾಗಿ ಹೇಳುವುದು ಫೈಟಾಫ್ಥೊರಾ ಮೀಡಿಯೈ.

ಜೀನೋಮ್ ಅಂದರೆ ಒಂದು ಜೀವಿಯ ಪೂರ್ತಿ ಡಿಎನ್‌ಎ ಬರಹ. ಬಳಸುವುದು ನಾಲ್ಕೇ ಅಕ್ಷರ. ಆಲೂಗಡ್ಡೆ ಅಂಗಮಾರಿಯ ಫೈಟಾಫ್ಥೊರಾದ ಬರಹ 2009ರಲ್ಲಿ ಪ್ರಕಟವಾಯಿತು: ಸುಮಾರು 24 ಕೋಟಿ ಅಕ್ಷರ. ಅದರಲ್ಲಿ ಮುಕ್ಕಾಲು ಪಾಲು ಅದದೇ ತುಣುಕುಗಳ ಪುನರಾವರ್ತನೆ, ಮತ್ತು ಗಿಡದ ರಕ್ಷಣೆ ಮುರಿಯುವ ಎಷ್ಟೋ ಜೀನ್‌ಗಳು ಆ ಗದ್ದಲದ ನಡುವೆಯೇ ಕೂತು ಬೇಗ ಬೇಗ ಬದಲಾಗುತ್ತವೆ. ನಿರೋಧಕ ತಳಿ ಅಂತ ತಂದದ್ದು ಕೆಲವು ವರ್ಷಕ್ಕೇ ಸೋಲುವುದು ಇದರಿಂದ.

ಒಂದು ಜೀನೋಮ್ ಓದಿದರೆ ಸಾಕಾಗಲ್ಲ. ಬೇರೆ ಬೇರೆ ಊರು, ಬೆಳೆ, ವರ್ಷಗಳ ರೋಗಾಣುಗಳದ್ದು ಒಂದೇ ಕಡೆ ಇದ್ದು, ಎಲ್ಲರಿಗೂ ಹೋಲಿಸಲು ಸಿಗಬೇಕು. 2016ರ ಫೆಬ್ರವರಿಯಲ್ಲಿ ಬಾಂಗ್ಲಾದೇಶದ ಗೋಧಿಗೆ ಬೆಂಕಿ ರೋಗ ಬಂತು, ಸುಮಾರು 15,000 ಹೆಕ್ಟೇರ್‌ಗೆ. ನಮ್ಮ ಭತ್ತದ ಬೆಂಕಿ ರೋಗವೇ ಗೋಧಿಗೆ ಹಾರಿತಾ ಎಂಬ ಭಯ. ವಿಜ್ಞಾನಿಗಳು ಗದ್ದೆಯ ರೋಗದ ಎಲೆಯಿಂದಲೇ ಜೀನ್ ಮಾಹಿತಿ ಓದಿ, ಪ್ರಬಂಧ ಬರೆಯುವ ಮೊದಲೇ ಎಲ್ಲರಿಗೂ ತೆರೆದಿಟ್ಟರು. ಹೋಲಿಸಲು ದಕ್ಷಿಣ ಅಮೆರಿಕದ ಗೋಧಿ ರೋಗಾಣುಗಳ ಜೀನೋಮ್ ಇತ್ತು. ಕೆಲವೇ ವಾರದಲ್ಲಿ ಗೊತ್ತಾಯಿತು: ಇದು ಭತ್ತದ್ದಲ್ಲ, ದಕ್ಷಿಣ ಅಮೆರಿಕದ ಗೋಧಿ ವಂಶದ್ದು. ಗಡಿಯಾಚೆ ನಮ್ಮ ಪಶ್ಚಿಮ ಬಂಗಾಳದಲ್ಲೂ ಮುಂದೆ ಗಡಿಭಾಗದ ಗೋಧಿ ಬಿತ್ತನೆ ತಡೆದರು.

ಈಗ ನಮ್ಮ ತೋಟಕ್ಕೆ ಬನ್ನಿ. ಇದೇ ಮೀಡಿಯೈ ಕೇರಳದ ರಬ್ಬರ್ ಎಲೆ ಉದುರಿಸುತ್ತೆ, ಏಲಕ್ಕಿ ಕಾಯಿ ಕೊಳೆಸುತ್ತೆ. ಅಡಿಕೆ ಮರಕ್ಕೇ ಹಬ್ಬಿದ ಕಾಳುಮೆಣಸಿನ ಸೊರಗು ರೋಗಕ್ಕೆ ಅದರ ದಾಯಾದಿ, ಫೈಟಾಫ್ಥೊರಾ ಕ್ಯಾಪ್ಸಿಸಿ ಕಾರಣ. ಮೇಲಿನ ಕೊನೆಯಲ್ಲಿರೋದು ಕೆಳಗಿನ ಬಳ್ಳಿಗೂ ಇಳಿಯುತ್ತಾ? ಮೆಟಲಾಕ್ಸಿಲ್‌ಗೆ ಬಗ್ಗದ ವಂಶ ನಮ್ಮ ಕಣಿವೆಗೆ ಬಂದಿದೆಯಾ? ಕಾಯಿಯ ಕಲೆ ನೋಡಿ ಇದನ್ನು ಹೇಳಲಾಗದು. ಕಾಸರಗೋಡಿನ ಸಿಪಿಸಿಆರ್‌ಐ, ಕೋಳಿಕ್ಕೋಡಿನ ಸಾಂಬಾರ ಬೆಳೆ ಸಂಶೋಧನಾ ಸಂಸ್ಥೆ ಈ ರೋಗಾಣುಗಳ ಮೇಲೆ ಕೆಲಸ ಮಾಡಿವೆ. ದೇಶದ ಜೀವ ದತ್ತಾಂಶ ಇಡಲು ಫರಿದಾಬಾದ್‌ನಲ್ಲಿ 2022ರಲ್ಲಿ ಭಾರತೀಯ ಜೈವಿಕ ದತ್ತಾಂಶ ಕೇಂದ್ರವೂ ಶುರುವಾಯಿತು. ಅಂದರೆ ಕಪಾಟು ಇದೆ. ತುಂಬಬೇಕಾದ ಮಾದರಿ ಇರುವುದು ನಮ್ಮ ತೋಟದಲ್ಲಿ.

ಇಲ್ಲಿ ನನ್ನದೇ ಪೆದ್ದುತನ ಹೇಳಿಬಿಡ್ತೇನೆ. ಹಾರ್ಟಿಕಲ್ಚರ್ ಓದಿದವನು ನಾನು! ಒಂದು ಮಳೆಗಾಲ ನೆಲಕ್ಕೆ ಬಿದ್ದು ಮೂರು ದಿನವಾದ ಕಾಯಿಗಳನ್ನು ಒದ್ದೆಯಾಗಿಯೇ ಪ್ಲಾಸ್ಟಿಕ್ ಚೀಲಕ್ಕೆ ಕಟ್ಟಿ ಕೊರಿಯರ್ ಮಾಡಿದೆ. ಅಲ್ಲಿ ಬಿಚ್ಚುವ ಹೊತ್ತಿಗೆ ಸತ್ತ ಕಾಯಿ ತಿನ್ನುವ ಬೇರೆ ಬೂಷ್ಟುಗಳೇ ತುಂಬಿದ್ದವು. ಅಸಲಿ ರೋಗಾಣು ಸಿಗಲೇ ಇಲ್ಲ. ಇಂಥ ಮಾದರಿಯಿಂದ ಓದಿದ್ದು ಸಂಗ್ರಹಕ್ಕೆ ಸೇರಿದರೆ ಹೆಸರು ಒಬ್ಬನದ್ದು, ಜಾತಕ ಇನ್ನೊಬ್ಬನದ್ದು ಆಗುತ್ತೆ.

ಹಾಗಾಗಿ ಮರದ ಕೊನೆಯಲ್ಲೇ ಇರುವ, ಕಲೆ ಈಗಷ್ಟೇ ಶುರುವಾದ ಕಾಯಿ ತೆಗೆಯಿರಿ. ಕೊಳೆತ ಭಾಗ ಮತ್ತು ಒಳ್ಳೇ ಭಾಗ ಸೇರುವ ಅಂಚು ಬೇಕು, ರೋಗಾಣು ಚುರುಕಾಗಿರುವುದು ಅಲ್ಲೇ. ಮೇಲಿನ ನೀರು ಒರೆಸಿ, ಪೇಪರ್‌ನಲ್ಲಿ ಸುತ್ತಿ, ಬಿಸಿಲು ತಾಗದಂತೆ ಅವತ್ತೇ ತಲುಪಿಸಿ. ಶಿರಸಿಯ ಕೃಷಿ ವಿಜ್ಞಾನ ಕೇಂದ್ರದಲ್ಲೋ ತೋಟಗಾರಿಕೆ ಕಾಲೇಜಿನಲ್ಲೋ ಮೊದಲು ಫೋನ್ ಮಾಡಿ ಕೇಳಿಕೊಳ್ಳಿ. ಚೀಟಿಯಲ್ಲಿ ಪೆನ್ಸಿಲ್‌ನಿಂದ ಊರು, ತಾರೀಕು, ತಳಿ, ಹಿಂದಿನ ಹದಿನೈದು ದಿನದ ಮಳೆ, ಯಾವ ಮದ್ದು ಯಾವಾಗ ಹೊಡೆದದ್ದು ಬರೆಯಿರಿ. ಮರದ ಮತ್ತು ಕಾಯಿಯ ಫೋಟೋ ಮೊಬೈಲಿನಲ್ಲಿರಲಿ. ಈ ಚೀಟಿ ಇಲ್ಲದಿದ್ದರೆ 24 ಕೋಟಿ ಅಕ್ಷರ ಓದಿದರೂ ಅದು ವಿಳಾಸವಿಲ್ಲದ ಪತ್ರ. ಮಾಹಿತಿ ಎಲ್ಲಿಗೆ ಹೋಗುತ್ತೆ, ಫಲಿತಾಂಶ ನಮಗೂ ಹೇಳ್ತೀರಾ ಅಂತ ಕೇಳಲು ಸಂಕೋಚ ಬೇಡ. ಮಾದರಿ ನಮ್ಮದು, ಕೇಳುವ ಹಕ್ಕೂ ನಮ್ಮದು.

ಆದರೆ ಫಲಿತಾಂಶಕ್ಕೆ ಕಾದು ಕೂರಬೇಡಿ. ಮಾದರಿ ಕೊಯ್ದುಕೊಂಡ ಮೇಲೆ, ಮಳೆ ಬಿಡುವು ಕೊಟ್ಟ ತಕ್ಷಣ ಶೇ. 1ರ ಬೋರ್ಡೋ ಹೊಡೆಯಿರಿ: 100 ಲೀಟರ್ ನೀರಿಗೆ ಮೈಲುತುತ್ತ 1 ಕಿಲೋ, ಸುಣ್ಣ 1 ಕಿಲೋ. ಸಾವಯವ ಪ್ರಮಾಣಪತ್ರ ಇರುವವರು ತಾಮ್ರದ ಮಿತಿಯನ್ನು ಮೊದಲೇ ವಿಚಾರಿಸಿಕೊಳ್ಳಿ.