ಅಂಕಿಗಳ ಗಣಿ

ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಒಂದು ಟನ್ನು ಅದಿರನ್ನು ಅಗೆದು ಪುಡಿಮಾಡಿದರೆ ದೊರೆಯುವ ಚಿನ್ನ ಕೆಲವೇ ಗ್ರಾಂ. ಅಂಕಿ ಅಂಶಗಳ ರಾಶಿಯೂ ಇಂಥದೇ ಅದಿರು. ಅದರಲ್ಲಿ ಅಡಗಿರುವ ಕ್ರಮವನ್ನು ಗಣಕಯಂತ್ರದ ನೆರವಿನಿಂದ ಹುಡುಕಿ ತೆಗೆಯುವ ವಿದ್ಯೆಗೆ ‘ದತ್ತಾಂಶ ಗಣಿಗಾರಿಕೆ’ ಎಂದು ಹೆಸರು.

ನಮ್ಮ ನಾಡಿನದೇ ನಿದರ್ಶನವೊಂದನ್ನು ನೋಡೋಣ. ಅರ್ಥಶಾಸ್ತ್ರಜ್ಞ ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿಯು 2002ರ ತನ್ನ ವರದಿಯಲ್ಲಿ ಕರ್ನಾಟಕದ ಅಂದಿನ 175 ತಾಲ್ಲೂಕುಗಳನ್ನು 35 ಸೂಚಕಗಳಿಂದ ಅಳೆಯಿತು. ಸಾಕ್ಷರತೆಯನ್ನು ಅಳೆಯುವುದು ಶೇಕಡದಲ್ಲಿ, ರಸ್ತೆಯನ್ನು ಅಳೆಯುವುದು ಕಿಲೋಮೀಟರಿನಲ್ಲಿ, ಇವನ್ನು ಕೂಡಿಸುವುದೆಂತು? ಪ್ರತಿಯೊಂದನ್ನೂ ರಾಜ್ಯದ ಸರಾಸರಿಯಿಂದ ಭಾಗಿಸಿದರೆ ಸರಾಸರಿಯು 1 ಆಗಿ, ಎಲ್ಲವೂ ಒಂದೇ ಅಳತೆಗೋಲಿಗೆ ಬರುತ್ತವೆ. ಒಟ್ಟು ಸೂಚ್ಯಂಕವು 1ಕ್ಕಿಂತ ಕಡಿಮೆಯಿದ್ದ ತಾಲ್ಲೂಕುಗಳು 114. ಅವುಗಳಲ್ಲಿ 39 ‘ಅತ್ಯಂತ ಹಿಂದುಳಿದವು’. ಯಾದಗಿರಿ, ಶಹಾಪುರ, ಸುರಪುರ ಮೂರೂ ಈ ಪಟ್ಟಿಯಲ್ಲಿದ್ದವು. 2007-08ರಿಂದ ವಿಶೇಷ ಅಭಿವೃದ್ಧಿ ಯೋಜನೆಯ ಹಣದ ಹಂಚಿಕೆಗೆ ಈ ವಿಂಗಡಣೆಯೇ ಆಧಾರವಾಯಿತು.

ಆದರೆ ಒಂದೇ ಅಂಕಿಯ ಹಿಂದೆ ಬಹಳಷ್ಟು ಮರೆಯಾಗುತ್ತದೆ. 2011ರ ಜನಗಣತಿಯಂತೆ ಯಾದಗಿರಿ ಜಿಲ್ಲೆಯಲ್ಲಿ 1000 ಗಂಡಸರಿಗೆ 989 ಹೆಂಗಸರಿದ್ದರು. ಇದು ರಾಜ್ಯದ 973ಕ್ಕಿಂತ ಮೇಲು. ಆದರೆ ಸಾಕ್ಷರತೆ ಶೇ. 51.83, ರಾಜ್ಯದಲ್ಲಿಯೇ ಕನಿಷ್ಠ, ಹೆಂಗಸರಲ್ಲಂತೂ ಶೇ. 41ರಷ್ಟು ಮಾತ್ರ. ಇವನ್ನು ಕೂಡಿಸಿಬಿಟ್ಟರೆ ಒಂದರ ಏರು ಇನ್ನೊಂದರ ಇಳಿವನ್ನು ಮುಚ್ಚುತ್ತದೆ.

ಆದುದರಿಂದ ಗಣಿಗಾರಿಕೆಯಲ್ಲಿ ಸೂಚಕಗಳನ್ನು ಬೆರೆಸದೆ ಬೇರೆಬೇರೆಯಾಗಿಯೇ ಇಡುವುದುಂಟು. ಗ್ರಾಫ್ ಕಾಗದದ ಮೇಲೆ ಅಡ್ಡಲಾಗಿ ಸಾಕ್ಷರತೆಯನ್ನೂ ಲಂಬವಾಗಿ ನೀರಾವರಿಯನ್ನೂ ಗುರುತಿಸಿದರೆ ಪ್ರತಿ ತಾಲ್ಲೂಕೂ ಒಂದು ಬಿಂದುವಾಗುತ್ತದೆ. 35 ಸೂಚಕಗಳಾದರೆ 35 ಆಯಾಮಗಳು. ಅವು ಕಣ್ಣಿಗೆ ನಿಲುಕವು, ಗಣಿತಕ್ಕೆ ನಿಲುಕುತ್ತವೆ. ಮೊದಲು ಕೆಲವು ಕೇಂದ್ರಗಳನ್ನು ಊಹಿಸಿಕೊಂಡು, ಪ್ರತಿ ಬಿಂದುವನ್ನೂ ಅದಕ್ಕೆ ಸಮೀಪದ ಕೇಂದ್ರಕ್ಕೆ ಸೇರಿಸಬೇಕು. ಬಳಿಕ ಪ್ರತಿ ಗುಂಪಿನ ಸರಾಸರಿಯನ್ನೇ ಹೊಸ ಕೇಂದ್ರವಾಗಿ ಮಾಡಿಕೊಳ್ಳಬೇಕು. ಬಿಂದುಗಳು ಗುಂಪು ಬದಲಿಸುವುದು ನಿಲ್ಲುವವರೆಗೆ ಯಂತ್ರವು ಇದನ್ನೇ ಮತ್ತೆ ಮತ್ತೆ ಮಾಡುತ್ತದೆ. ಆಗ ನೀರಿದ್ದೂ ಅಕ್ಷರದಲ್ಲಿ ಹಿಂದುಳಿದ ತಾಲ್ಲೂಕುಗಳು ಒಂದು ಕಡೆ, ಅಕ್ಷರವಿದ್ದೂ ಮಳೆಯನ್ನೇ ನಂಬಿದ ತಾಲ್ಲೂಕುಗಳು ಇನ್ನೊಂದು ಕಡೆ ಸೇರಬಹುದು. ಎರಡಕ್ಕೂ ಒಂದೇ ಮದ್ದು ಸಲ್ಲದು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಎರಡು ಸೂಚಕಗಳು ಜೊತೆಜೊತೆಯಾಗಿ ಏರಿದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆಂದು ಹೇಳಲಾಗದು. ಜಿಲ್ಲೆಯ ಸರಾಸರಿಯಲ್ಲಿ ಅಬ್ಬೆತುಮಕೂರಿನಂಥ ಒಂದು ಊರು ಬೇರೆಯಾಗಿ ಕಾಣುವುದೂ ಇಲ್ಲ. ಎಲ್ಲಿ ಅಗೆಯಬೇಕೆಂಬುದನ್ನು ಯಂತ್ರವು ತೋರಿಸೀತು. ಬಾಲಕಿಯೊಬ್ಬಳು ಶಾಲೆಯನ್ನೇಕೆ ಬಿಟ್ಟಳೆಂಬುದನ್ನು ಆ ಊರಿಗೇ ಹೋಗಿ ಕೇಳಿ ತಿಳಿಯಬೇಕು.