ಕಡಲಡಿಯ ರಂಗವಲ್ಲಿ

ಜಪಾನಿನ ದಕ್ಷಿಣದಲ್ಲಿ, ಕ್ಯೂಶೂ ಮತ್ತು ಓಕಿನಾವಾಗಳ ನಡುವೆ, ಅಮಾಮಿ ಓಶಿಮಾ ಎಂಬ ದ್ವೀಪವಿದೆ. ಕುರೋಶಿಯೊ ಎಂಬ ಬೆಚ್ಚನೆಯ ಕಡಲ ಪ್ರವಾಹವು ಈ ಭಾಗದಲ್ಲಿ ಹರಿಯುವುದರಿಂದ ಇಲ್ಲಿ ಹವಳವೂ ಬಣ್ಣಬಣ್ಣದ ಮೀನುಗಳೂ ಹೇರಳ. ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ಮುಳುಗುವವರು 1995ರಲ್ಲಿ ಇಲ್ಲಿ ಒಂದು ಸೋಜಿಗವನ್ನು ಕಂಡರು. ಮರಳಿನ ತಳದಲ್ಲಿ ಸುಮಾರು 2 ಮೀಟರು ಅಗಲದ ದುಂಡನೆಯ ಚಿತ್ತಾರ! ನಡುವಿನಿಂದ ಹೊರಕ್ಕೆ ಹಬ್ಬಿದ ದಿಣ್ಣೆ ತಗ್ಗುಗಳು, ಕೈಪಳಗಿದ ಗೃಹಿಣಿ ಅಂಗಳದಲ್ಲಿ ಬಿಟ್ಟ ರಂಗವಲ್ಲಿಯಂತೆ ಅಚ್ಚುಕಟ್ಟು. ಇದನ್ನು ಬರೆದವರಾರೆಂಬುದು ಬಹುಕಾಲ ಒಗಟಾಗಿಯೇ ಉಳಿಯಿತು.

ಒಗಟು ಬಿಡಿಸುವುದು ಸುಲಭವಾಗಿರಲಿಲ್ಲ. ಈ ಚಿತ್ತಾರಗಳಿರುವುದು 10ರಿಂದ 27 ಮೀಟರು ಆಳದಲ್ಲಿ. ನೀರಿನಲ್ಲಿ ಪ್ರತಿ 10 ಮೀಟರು ಇಳಿದಂತೆ ವಾಯುಮಂಡಲದ ಒಂದು ಪಾಲಿನಷ್ಟು ಒತ್ತಡ ಹೆಚ್ಚುತ್ತದೆ. 20 ಮೀಟರಿನಲ್ಲಿ ಒತ್ತಡ ಮೂರು ಪಟ್ಟು. ಸಿಲಿಂಡರಿನ ಗಾಳಿಯೂ ಮೂರು ಪಟ್ಟು ಬೇಗ ತೀರುತ್ತದೆ. ಮೇಲೇರುವಾಗ ಉಸಿರು ಬಿಗಿಹಿಡಿದರೆ ಒಳಗಿನ ಗಾಳಿ ಹಿಗ್ಗಿ ಶ್ವಾಸಕೋಶವೇ ಹರಿದೀತು. ಅವಸರದಿಂದ ಏರಿದರೆ, ರಕ್ತದಲ್ಲಿ ಕರಗಿದ ಸಾರಜನಕವು ಸೋಡಾ ಬುಡ್ಡಿಯ ಮುಚ್ಚಳ ತೆಗೆದಾಗಿನಂತೆ ಗುಳ್ಳೆಗಟ್ಟಿ ಪ್ರಾಣಕ್ಕೇ ಸಂಚಕಾರ ತಂದೀತು. ಆದುದರಿಂದ ಮೆಲ್ಲನೆ ಏರಿ, 5 ಮೀಟರು ಆಳದಲ್ಲಿ ಮೂರು ನಿಮಿಷ ತಂಗಿ, ಬಳಿಕ ಮೇಲೆ ಬರುವುದು ವಾಡಿಕೆ.

ಚಿತ್ರ ತೆಗೆಯುವವನ ಕಷ್ಟ ಇನ್ನೂ ಬೇರೆ. ನೀರು ಮೊದಲು ಕೆಂಪು ಬಣ್ಣವನ್ನು ನುಂಗುತ್ತದೆ. ಆಳದಲ್ಲಿ ಕೆಂಪು ಮೀನು ಮಾಸಲಾಗಿ ಕಾಣುತ್ತದೆ. ನಿಜವಾದ ಬಣ್ಣ ಬೇಕೆಂದರೆ ದೀಪವನ್ನು ಜೊತೆಗೊಯ್ಯಬೇಕು. ನಡುವೆ ನೀರು ಹೆಚ್ಚಿದಷ್ಟೂ ಚಿತ್ರ ಮಬ್ಬಾಗುವುದರಿಂದ ಹತ್ತಿರ ಹೋಗಬೇಕು. ಹೋಗುವಾಗ ಕಾಲಾಡಿಸಿದರೆ ಮರಳೆದ್ದು ಎಲ್ಲವೂ ಕೆಡುತ್ತದೆ. ನೀರೊಳಗೆ ಒಯ್ಯಬಲ್ಲ ‘ನಿಕೊನೋಸ್’ ಕ್ಯಾಮರಾವನ್ನು ಜಪಾನಿನ ನಿಕಾನ್ ಕಂಪನಿ 1963ರಲ್ಲಿ ಮಾರುಕಟ್ಟೆಗೆ ತಂದ ಮೇಲೆ ಈ ಕೆಲಸ ಅನೇಕರ ಕೈಗೆಟುಕಿತು. ಆ ಕ್ಯಾಮರಾ ಈಗ ತಯಾರಾಗುವುದಿಲ್ಲ. ಅದರ ಜಾಗಕ್ಕೆ ಬೇರೆ ಬಗೆಯವು ಬಂದಿವೆ.

ಕೊನೆಗೆ 2012ರಲ್ಲಿ, ಜಲಾಂತರ ಛಾಯಾಗ್ರಾಹಕ ಯೋಜಿ ಓಕಾತಾ ಮತ್ತು ಸಂಗಡಿಗರ ಚಿತ್ರಗಳಿಂದ ಶಿಲ್ಪಿ ಯಾರೆಂದು ಜಗತ್ತಿಗೆ ತಿಳಿಯಿತು. ಹೆದರಿದಾಗ ನೀರು ಕುಡಿದು ಚೆಂಡಿನಂತೆ ಉಬ್ಬುವ ಜಾತಿಯ, ಗೇಣುದ್ದವೂ ಇಲ್ಲದ ಒಂದು ಗಂಡು ಮೀನು! ಅದು ರೆಕ್ಕೆಗಳಿಂದ ಮರಳನ್ನು ಉಳುತ್ತ, ಏಳರಿಂದ ಒಂಬತ್ತು ದಿನ ದುಡಿದು ಈ ಮಂಡಲವನ್ನು ಮುಗಿಸುತ್ತದೆ. ದಿಣ್ಣೆಗಳ ಮೇಲೆ ಚಿಪ್ಪಿನ ಚೂರುಗಳನ್ನೂ ಇಡುತ್ತದೆ.

ಇಷ್ಟೆಲ್ಲ ಏತಕ್ಕೆ? ಸಂಸಾರಕ್ಕಾಗಿ. ನಯವಾದ ಮರಳು ನಡುವೆ ಕೂಡುತ್ತದೆ, ಅಲ್ಲಿ ನೀರಿನ ಸೆಳೆತವೂ ಕಡಿಮೆ. ಹೆಣ್ಣು ಬಂದು, ಮೆಚ್ಚಿದರೆ, ಆ ನಡುಮನೆಯಲ್ಲಿ ಮೊಟ್ಟೆಯಿಟ್ಟು ಹೊರಟುಹೋಗುತ್ತದೆ. ಮರಿಯೊಡೆಯುವವರೆಗೆ ಕಾಯುವುದು ಗಂಡಿನ ಪಾಲು. ಹಳೆಯ ಮನೆ ಮತ್ತೆ ಬಳಕೆಗೆ ಬಾರದು. ಮುಂದಿನ ಸಲ ಹೊಸದನ್ನೇ ಕಟ್ಟಬೇಕು.

2013ರಲ್ಲಿ ಈ ವಿಷಯದ ಸಂಶೋಧನಾ ಲೇಖನ ಹೊರಬಂದಾಗ ಅದರ ಲೇಖಕರಲ್ಲಿ ಛಾಯಾಗ್ರಾಹಕ ಓಕಾತಾರ ಹೆಸರೂ ಇತ್ತು. 2014ರಲ್ಲಿ ಮೀನು ಹೊಸ ಪ್ರಭೇದವೆಂದು ಸ್ಥಿರಪಟ್ಟು, ಅದಕ್ಕೆ ಟಾರ್ಕ್ವಿಜೆನರ್ ಆಲ್ಬೋಮ್ಯಾಕ್ಯುಲೋಸಸ್ ಎಂದು ನಾಮಕರಣವಾಯಿತು.

ಕಡಲಿಗಿಳಿಯುವವರು ಏನನ್ನೂ ಮುಟ್ಟಬಾರದೆಂಬ ಕಟ್ಟಳೆಯ ಅರ್ಥ ಇಲ್ಲಿ ಸ್ಪಷ್ಟವಾಗುತ್ತದೆ. ಅಜಾಗರೂಕತೆಯ ಒಂದೇ ಒದೆತಕ್ಕೆ ಒಂದು ಜೀವದ ವಾರದ ದುಡಿಮೆಯೂ ಅದರ ಮರಿಗಳ ತೊಟ್ಟಿಲೂ ಮಣ್ಣುಪಾಲಾಗುತ್ತವೆ.